ಕಾಲುಬಾಯಿ ಜ್ವರದ ಲಸಿಕೆ ತಯಾರಾಗುವ ಬಗೆ

ಹುಣಸೂರು ತಾಲ್ಲೂಕಿನ ಹನಗೋಡು ಸೀಮೆಯಲ್ಲಿ ವ್ಯವಸಾಯ ಮತ್ತು ಪಶುಪಾಲನೆ ಒಂದನ್ನೊಂದು ಬಿಟ್ಟಿರುವುದಿಲ್ಲ. ಲಕ್ಷ್ಮಣತೀರ್ಥಕ್ಕೆ ಕಟ್ಟಿರುವ ಅಣೆಕಟ್ಟಿನ ನಾಲೆಯ ಕೆಳಗೆ ಬತ್ತ, ಮಳೆಯಾಶ್ರಿತ ಹೊಲಗಳಲ್ಲಿ ಹೊಗೆಸೊಪ್ಪು, ರಾಗಿ ಮತ್ತು ಮುಸುಕಿನ ಜೋಳ ಬೆಳೆಯುತ್ತವೆ. ಹೊಗೆಸೊಪ್ಪಿನ ಹಣ ಹರಾಜಿನ ಕಾಲದಲ್ಲಿ ಮಾತ್ರ ಕೈಗೆ ಬರುತ್ತದೆ. ವರ್ಷದ ಉಳಿದ ದಿನಗಳಲ್ಲಿ ಮನೆಯ ಖರ್ಚನ್ನು ತೂಗಿಸುವುದು ಡೇರಿಗೆ ಹಾಕುವ ಹಾಲು. ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಬಹಳಷ್ಟು ಮನೆಗಳ ಸ್ಥಿತಿಯೂ ಇದೇ ಆಗಿದೆ. ಆದುದರಿಂದ ಕೊಟ್ಟಿಗೆಗೆ ರೋಗ ಬಂದರೆ ಅದು ಅಡಿಗೆಮನೆಗೂ ಬಂದಂತೆಯೇ ಸರಿ.

ಈ ರೋಗಗಳಲ್ಲಿ ಕಾಲುಬಾಯಿ ಜ್ವರ ಮುಖ್ಯವಾದುದು. ಇದರ ವಿರುದ್ಧ ಲಸಿಕೆ ಹಾಕಲು ಸಿಬ್ಬಂದಿ ಐಸ್ ಪೆಟ್ಟಿಗೆ ಹಿಡಿದು ಊರಿಗೆ ಬಂದಾಗ ರೈತರು ಮೂರು ಪ್ರಶ್ನೆಗಳನ್ನು ಕೇಳುವುದುಂಟು. ಆರು ತಿಂಗಳ ಹಿಂದೆ ಹಾಕಿಸಿದ್ದಾಗಿದೆ, ಮತ್ತೆ ಏಕೆ? ಇದನ್ನು ಐಸಿನಲ್ಲಿಯೇ ಏಕೆ ತರಬೇಕು? ರೋಗದ ವಿಷವನ್ನೇ ಚುಚ್ಚುತ್ತಾರೆ ಎನ್ನುತ್ತಾರೆ, ಇದು ನಿಜವೇ? ಈ ಪ್ರಶ್ನೆಗಳು ಸಹಜವಾದವು. ಲಸಿಕೆ ಹೇಗೆ ತಯಾರಾಗುತ್ತದೆ ಎಂಬುದನ್ನು ತಿಳಿದರೆ ಮೂರಕ್ಕೂ ಉತ್ತರ ತಾನಾಗಿ ದೊರೆಯುತ್ತದೆ.

ರೋಗ ಮತ್ತು ಅದರಿಂದಾಗುವ ನಷ್ಟ

ಕಾಲುಬಾಯಿ ಜ್ವರ ಸೀಳುಗೊರಸಿನ ಪ್ರಾಣಿಗಳಿಗೆ ಬರುವ ಅಂಟುರೋಗ. ದನ, ಎಮ್ಮೆ, ಕುರಿ, ಮೇಕೆ, ಹಂದಿಗಳಿಗೂ, ಕಾಡಿನ ಕಾಟಿ, ಜಿಂಕೆಗಳಿಗೂ ಇದು ತಗಲುತ್ತದೆ. ಮೊದಲು ಜ್ವರ ಬಂದು ರಾಸು ಮೇವು ಬಿಡುತ್ತದೆ. ನಂತರ ನಾಲಗೆ, ವಸಡು, ಗೊರಸಿನ ಸಂದು ಮತ್ತು ಕೆಚ್ಚಲಿನ ತೊಟ್ಟುಗಳಲ್ಲಿ ಗುಳ್ಳೆಗಳೆದ್ದು ಒಡೆದು ಹುಣ್ಣಾಗುತ್ತವೆ. ಬಾಯಿಂದ ಜೊಲ್ಲು ದಾರದಂತೆ ಸುರಿಯುತ್ತದೆ. ಗೊರಸಿನ ಹುಣ್ಣಿಗೆ ನೊಣ ಕುಳಿತು ಹುಳು ಬೀಳುತ್ತದೆ.

ದೊಡ್ಡ ರಾಸುಗಳಲ್ಲಿ ಸಾವು ಸಾಮಾನ್ಯವಾಗಿ ಕಡಿಮೆ. ಎಳೆಗರುಗಳು ಮಾತ್ರ ಹೃದಯಕ್ಕೆ ರೋಗ ತಗಲಿ ಇದ್ದಕ್ಕಿದ್ದಂತೆ ಸಾಯುತ್ತವೆ. ಬದುಕಿದ ರಾಸುಗಳಿಂದಾಗುವ ನಷ್ಟವೂ ಸಣ್ಣದಲ್ಲ. ಉದಾಹರಣೆಗೆ, ದಿನಕ್ಕೆ 8 ಲೀಟರ್ ಹಾಲು ಕೊಡುತ್ತಿದ್ದ ಮಿಶ್ರತಳಿ ಹಸು ರೋಗದಿಂದ 2 ಲೀಟರಿಗೆ ಇಳಿದರೆ ಒಂದು ತಿಂಗಳಿಗೆ 180 ಲೀಟರ್ ಹಾಲು ಕೈಬಿಟ್ಟಂತಾಗುತ್ತದೆ. ಕೆಲವು ಹಸುಗಳು ಆ ಸೂಲಿನಲ್ಲಿ ಮತ್ತೆ ಮೊದಲಿನ ಮಟ್ಟಕ್ಕೆ ಬರುವುದೇ ಇಲ್ಲ. ಕೆಲವು ಗಬ್ಬ ಕಟ್ಟುವುದಿಲ್ಲ. ಉಳುವ ಎತ್ತು ಬಿತ್ತನೆಯ ಕಾಲದಲ್ಲಿ ಕುಂಟಿದರೆ ಹದ ತಪ್ಪುತ್ತದೆ. 2013ರಲ್ಲಿ ದಕ್ಷಿಣ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಈ ರೋಗ ತೀವ್ರವಾಗಿ ಹರಡಿ ಸಾವಿರಾರು ರಾಸುಗಳು ಸತ್ತುದನ್ನು ರೈತರು ಮರೆತಿರಲಾರರು.

ಈ ರೋಗಕ್ಕೆ ನೇರವಾದ ಔಷಧಿ ಇಲ್ಲ. ಹುಣ್ಣಿನ ಆರೈಕೆ ಮಾಡಬಹುದೇ ಹೊರತು ರೋಗದ ಮೂಲವನ್ನು ಚಿಕಿತ್ಸೆಯಿಂದ ಕೀಳಲಾಗದು. ಆದುದರಿಂದ ಮುಂಜಾಗ್ರತೆಯಾಗಿ ಲಸಿಕೆ ಹಾಕಿಸುವುದೇ ಮುಖ್ಯ ಮಾರ್ಗ.

ವಿಷಾಣುವಿಗೆ ಜೀವಕೋಶವೇ ಹೊಲ

ಕಾಲುಬಾಯಿ ಜ್ವರಕ್ಕೆ ಕಾರಣ ಒಂದು ವಿಷಾಣು, ಅಂದರೆ ವೈರಸ್. 1897ರಲ್ಲಿ ಜರ್ಮನಿಯ ಲೋಫ್ಲರ್ ಮತ್ತು ಫ್ರಾಶ್ ಎಂಬ ವಿಜ್ಞಾನಿಗಳು ಗುಳ್ಳೆಯ ನೀರನ್ನು ಬ್ಯಾಕ್ಟೀರಿಯಾಗಳೂ ದಾಟಲಾಗದ ಶೋಧಕದಲ್ಲಿ ಸೋಸಿದರು. ಸೋಸಿದ ನೀರೂ ಕರುಗಳಿಗೆ ರೋಗ ತರಿಸಿತು. ಪ್ರಾಣಿಗಳ ರೋಗವೊಂದಕ್ಕೆ ವಿಷಾಣು ಕಾರಣವೆಂದು ತಿಳಿದುಬಂದುದು ಅದೇ ಮೊದಲು. ಈ ವಿಷಾಣುವಿನ ಅಡ್ಡಳತೆ ಒಂದು ಮಿಲಿಮೀಟರನ್ನು ಸುಮಾರು ಮೂವತ್ತು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗದಷ್ಟು ಮಾತ್ರ.

ಅದರ ರಚನೆಯೂ ಸರಳವಾಗಿದೆ. ಒಳಗೆ ಸಂತಾನದ ತಿರುಳು, ಹೊರಗೆ ಸಸಾರಜನಕದ, ಅಂದರೆ ಪ್ರೋಟೀನಿನ ಚಿಪ್ಪು ಇರುತ್ತವೆ. ರಾಸಿನ ದೇಹ ಗುರುತಿಸುವುದು ಈ ಚಿಪ್ಪನ್ನು. ಚಿಪ್ಪನ್ನು ಒಮ್ಮೆ ಕಂಡ ದೇಹ ಅದನ್ನು ಎದುರಿಸುವ ರೋಗನಿರೋಧಕ ವಸ್ತುಗಳನ್ನು ರಕ್ತದಲ್ಲಿ ಸಿದ್ಧಪಡಿಸಿಕೊಳ್ಳುತ್ತದೆ. ಮುಂದೆ ನಿಜವಾದ ರೋಗ ಬಂದಾಗ ಈ ವಸ್ತುಗಳು ಅದನ್ನು ತಡೆಯುತ್ತವೆ. ಆದುದರಿಂದ ಲಸಿಕೆ ತಯಾರಿಸುವವರಿಗೆ ಬೇಕಾದುದು ಹೆಚ್ಚು ಸಂಖ್ಯೆಯಲ್ಲಿ, ಒಡೆಯದೆ ಉಳಿದ ಚಿಪ್ಪುಗಳು.

ಬ್ಯಾಕ್ಟೀರಿಯಾಗಳನ್ನು ಮಾಂಸದ ಸಾರು, ಸಕ್ಕರೆ, ಲವಣಗಳ ನೀರಿನಲ್ಲಿ ಬೆಳೆಸಬಹುದು. ಚಪ್ಪೆರೋಗ, ಗಳಲೆರೋಗಗಳ ಲಸಿಕೆಗಳು ಹೀಗೆಯೇ ತಯಾರಾಗುತ್ತವೆ. ವಿಷಾಣು ಹಾಗಲ್ಲ. ಅದಕ್ಕೆ ಸ್ವಂತ ಜೀವನವಿಲ್ಲ. ಜೀವಂತ ಕೋಶದ ಒಳಹೊಕ್ಕು ಅಲ್ಲಿಯ ಸಲಕರಣೆಯಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳಬೇಕು. ಬೀಜಕ್ಕೆ ಹೊಲ ಹೇಗೋ ವಿಷಾಣುವಿಗೆ ಜೀವಕೋಶ ಹಾಗೆ.

ರಾಸಿನ ನಾಲಗೆಯಿಂದ ಉಕ್ಕಿನ ತೊಟ್ಟಿಗೆ

ಯೂರೋಪಿನಲ್ಲಿ 1930ರ ದಶಕದಲ್ಲಿ ಲಸಿಕೆಗೆ ಬೇಕಾದ ವಿಷಾಣುವನ್ನು ಜೀವಂತ ರಾಸುಗಳಿಗೆ ರೋಗ ತಗಲಿಸಿ ಅವುಗಳ ನಾಲಗೆಯ ಗುಳ್ಳೆಗಳಿಂದ ಪಡೆಯುತ್ತಿದ್ದರು. ಸಾವಿರ ರಾಸುಗಳನ್ನು ಉಳಿಸಲು ಕೆಲವನ್ನು ಬಲಿಕೊಡಬೇಕಾಗಿತ್ತು. ಮುಂದೆ ಹಾಲೆಂಡಿನ ಫ್ರೆಂಕೆಲ್ ಎಂಬ ವಿಜ್ಞಾನಿ ಕಸಾಯಿಖಾನೆಯಿಂದ ತಂದ ನಾಲಗೆಯ ಪೊರೆಯನ್ನು ಪೋಷಕ ದ್ರಾವಣದಲ್ಲಿ ಜೀವಂತವಾಗಿಟ್ಟು ಅದರಲ್ಲಿ ವಿಷಾಣುವನ್ನು ಬೆಳೆಸಿ ತೋರಿಸಿದರು. ಇದರಿಂದ ರಾಸುಗಳಿಗೆ ರೋಗ ತಗಲಿಸುವ ಅವಶ್ಯಕತೆ ತಪ್ಪಿತು. ಆದರೆ ದಿನವೂ ತಾಜಾ ನಾಲಗೆಗಳು ಬೇಕಾಗುತ್ತಿದ್ದವು.

1960ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ದೊಡ್ಡ ಬದಲಾವಣೆಯಾಯಿತು. ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಎಳೆಮರಿಗಳ ಮೂತ್ರಪಿಂಡದಿಂದ ತೆಗೆದ ಕೋಶಗಳು ಗಾಜಿನ ಬಾಟಲಿಯಲ್ಲಿ ಎಡೆಬಿಡದೆ ಬೆಳೆಯುತ್ತಿರುವುದು ಗ್ಲಾಸ್ಗೋ ನಗರದ ಪ್ರಯೋಗಾಲಯದಲ್ಲಿ ಕಂಡುಬಂದಿತು. ಇವಕ್ಕೆ ಬಿ.ಎಚ್.ಕೆ.-21 ಕೋಶಗಳೆಂದು ಹೆಸರಾಯಿತು. ಕಾಲುಬಾಯಿ ಜ್ವರದ ವಿಷಾಣು ಇವುಗಳಲ್ಲಿ ಚೆನ್ನಾಗಿ ಬೆಳೆಯುತ್ತದೆಂದೂ, ಈ ಕೋಶಗಳನ್ನು ದ್ರಾವಣದಲ್ಲಿ ತೇಲಿಸಿ ದೊಡ್ಡ ತೊಟ್ಟಿಗಳಲ್ಲಿ ಬೆಳೆಸಬಹುದೆಂದೂ 1962ರಲ್ಲಿ ಪಿರ್‌ಬ್ರೈಟ್ ಸಂಶೋಧನಾ ಕೇಂದ್ರದವರು ತೋರಿಸಿದರು. ಅಂದು ತೆಗೆದ ಕೋಶಗಳ ಸಂತತಿಯೇ ಇಂದಿಗೂ ಭಾರತವೂ ಸೇರಿದಂತೆ ಅನೇಕ ದೇಶಗಳಲ್ಲಿ ಈ ಲಸಿಕೆಗೆ ಆಧಾರವಾಗಿದೆ.

ಕರ್ನಾಟಕದಲ್ಲಿ ಹೆಬ್ಬಾಳಕ್ಕೂ ಪಶುಲಸಿಕೆಗೂ ಹಳೆಯ ನಂಟಿದೆ. ದೊಡ್ಡರೋಗದ ಹಾವಳಿಯನ್ನು ತಡೆಯಲು 1925ರಲ್ಲಿ ಮೈಸೂರು ಸಂಸ್ಥಾನದ ಸೀರಮ್ ಸಂಸ್ಥೆ ಅಲ್ಲಿ ಆರಂಭವಾಯಿತು. ಅದೇ ಇಂದಿನ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ. ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಬೆಂಗಳೂರು ಕೇಂದ್ರವೂ ಹೆಬ್ಬಾಳದಲ್ಲೇ ಇದ್ದು, ಕಾಲುಬಾಯಿ ಜ್ವರದ ಲಸಿಕೆಯ ಸಂಶೋಧನೆ ಮತ್ತು ತಯಾರಿಕೆಗೆ ಹೆಸರಾಗಿದೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಲಿಯು 1982ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿಸಿದ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸಂಸ್ಥೆಯೂ ಈ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತದೆ.

ತಯಾರಿಕೆಯ ಹಂತಗಳು

ಲಸಿಕೆಯ ತಯಾರಿಕೆಯನ್ನು ಒಂದು ಬೆಳೆಯ ಬೇಸಾಯಕ್ಕೆ ಹೋಲಿಸಿದರೆ ಸುಲಭವಾಗಿ ಅರ್ಥವಾಗುತ್ತದೆ.

1. ಬೀಜದ ದಾಸ್ತಾನು: ಕೃಷಿಯಲ್ಲಿ ತಳಿವರ್ಧಕ ಬೀಜ, ಮೂಲ ಬೀಜ, ಪ್ರಮಾಣಿತ ಬೀಜ ಎಂಬ ಶ್ರೇಣಿಗಳಿರುವಂತೆ ಇಲ್ಲಿಯೂ ಕೋಶಗಳ ಮೂಲ ದಾಸ್ತಾನು ಮತ್ತು ಬಳಕೆಯ ದಾಸ್ತಾನು ಎಂದು ಎರಡಿರುತ್ತವೆ. ಇವನ್ನು ಸಣ್ಣ ಸೀಸೆಗಳಲ್ಲಿ ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಸೆಂಟಿಗ್ರೇಡ್ ಕೆಳಗಿನ ಶೀತದಲ್ಲಿ ಇಡುತ್ತಾರೆ. ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿಗಳನ್ನು ಇಡುವ ಜಾಡಿಯಲ್ಲಿರುವುದೂ ಇದೇ ದ್ರವ. ವಿಷಾಣುವಿಗೂ ಇದೇ ರೀತಿ ಮೂಲ ಬೀಜ, ಬಳಕೆಯ ಬೀಜಗಳಿರುತ್ತವೆ. ಬೀಜದಲ್ಲಿ ಬೇರೆ ಯಾವ ಸೂಕ್ಷ್ಮಜೀವಿಯ ಬೆರಕೆಯೂ ಇರಕೂಡದು.

2. ಸಸಿಮಡಿ: ಒಂದು ಸೀಸೆಯ ಕೋಶಗಳನ್ನು ಕರಗಿಸಿ ಚಿಕ್ಕ ಪಾತ್ರೆಯಲ್ಲಿ ಬೆಳೆಸುತ್ತಾರೆ. ಗ್ಲೂಕೋಸ್, ಅಮೈನೋ ಆಮ್ಲಗಳು, ಜೀವಸತ್ವಗಳು, ಲವಣಗಳು ಮತ್ತು ದನದ ರಕ್ತದ ಸೀರಮ್ ಇವುಗಳ ಆಹಾರ. ಉಷ್ಣತೆ 37 ಡಿಗ್ರಿ ಸೆಂಟಿಗ್ರೇಡಿನ ಸುತ್ತ ಇರಬೇಕು. ಸುಮಾರು ಒಂದು ದಿನಕ್ಕೆ ಕೋಶಗಳ ಸಂಖ್ಯೆ ಇಮ್ಮಡಿಯಾಗುತ್ತದೆ.

3. ನಾಟಿ: ಚಿಕ್ಕ ಪಾತ್ರೆಯಿಂದ ದೊಡ್ಡದಕ್ಕೆ, ಅದರಿಂದ ಮತ್ತೂ ದೊಡ್ಡದಕ್ಕೆ ಬದಲಾಯಿಸುತ್ತ ಕೊನೆಗೆ ಸಾವಿರಾರು ಲೀಟರ್ ಹಿಡಿಯುವ ಉಕ್ಕಿನ ತೊಟ್ಟಿಗೆ ತರುತ್ತಾರೆ. ತೊಟ್ಟಿಯೊಳಗಿನ ದ್ರಾವಣವನ್ನು ಮೆಲ್ಲಗೆ ಕಲಕುತ್ತ ಆಮ್ಲಜನಕ, ಉಷ್ಣತೆ, ಹುಳಿಯ ಮಟ್ಟ ಇವುಗಳನ್ನು ಹಗಲಿರುಳೂ ಕಾಯುತ್ತಾರೆ. ಬೆಳೆ ತುಂಬಿದಾಗ ಒಂದು ಮಿಲಿಲೀಟರಿನಲ್ಲಿ ಇಪ್ಪತ್ತರಿಂದ ಮೂವತ್ತು ಲಕ್ಷ ಕೋಶಗಳಿರುತ್ತವೆ. ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಶಾಖ ಎರಡು ಮೂರು ಡಿಗ್ರಿ ಹೆಚ್ಚುಕಡಿಮೆಯಾದರೆ ಎಲೆಯ ಬಣ್ಣ ಕೆಡುವುದನ್ನು ಕಂಡವರಿಗೆ ಈ ಕಾವಲಿನ ಮಹತ್ವವನ್ನು ಬೇರೆ ಹೇಳಬೇಕಾಗಿಲ್ಲ.

4. ವಿಷಾಣು ಬಿತ್ತನೆ: ತುಂಬಿದ ತೊಟ್ಟಿಗೆ ಹಾಲಿಗೆ ಹೆಪ್ಪು ಹಾಕಿದಂತೆ ಸ್ವಲ್ಪವೇ ಬೀಜವಿಷಾಣುವನ್ನು ಸೇರಿಸುತ್ತಾರೆ. ವಿಷಾಣು ಕೋಶಗಳನ್ನು ಹೊಕ್ಕು ಹೆಚ್ಚುತ್ತದೆ. ಒಂದು ದಿನದ ಆಸುಪಾಸಿನಲ್ಲಿ ಕೋಶಗಳು ಒಡೆದು ಲೆಕ್ಕವಿಲ್ಲದಷ್ಟು ವಿಷಾಣುಗಳು ದ್ರಾವಣಕ್ಕೆ ಬರುತ್ತವೆ. ಈ ಕೆಲಸ ನಡೆಯುವ ಕಟ್ಟಡದ ಗಾಳಿಯನ್ನು ಶೋಧಿಸದೆ ಹೊರಗೆ ಬಿಡುವುದಿಲ್ಲ. ತ್ಯಾಜ್ಯ ನೀರನ್ನು ಸಂಸ್ಕರಿಸುತ್ತಾರೆ. ಕೆಲಸಗಾರರು ಸ್ನಾನ ಮಾಡಿ ಬಟ್ಟೆ ಬದಲಿಸಿಯೇ ಹೊರಬರಬೇಕು.

5. ಕೊಯ್ಲು ಮತ್ತು ತೂರುವಿಕೆ: ಒಡೆದ ಕೋಶಗಳ ಹೊಟ್ಟನ್ನು ಸೋಸಿ ಬೇರೆ ಮಾಡುತ್ತಾರೆ. ವಿಷಾಣುವಿರುವ ತಿಳಿ ಉಳಿಯುತ್ತದೆ.

6. ನಿಷ್ಕ್ರಿಯಗೊಳಿಸುವುದು: ಇದು ಎಲ್ಲಕ್ಕಿಂತ ಜವಾಬ್ದಾರಿಯ ಹಂತ. ಹಿಂದೆ ಇದಕ್ಕೆ ಫಾರ್ಮಲಿನ್ ಬಳಸುತ್ತಿದ್ದರು. ಅದರಿಂದ ಪೂರ್ತಿಯಾಗಿ ಸಾಯದ ವಿಷಾಣು ಉಳಿದು ಲಸಿಕೆಯಿಂದಲೇ ರೋಗ ಹರಡಿದ ನಿದರ್ಶನಗಳು ಯೂರೋಪಿನಲ್ಲಿವೆ. ಇಂದು ಬೈನರಿ ಎಥಿಲೀನ್‌ಇಮೈನ್ ಎಂಬ ರಾಸಾಯನಿಕವನ್ನು ಬಳಸಲಾಗುತ್ತದೆ. ಇದು ಒಳಗಿನ ಸಂತಾನದ ತಿರುಳನ್ನು ಕೆಡಿಸಿ ಹೊರಗಿನ ಚಿಪ್ಪನ್ನು ಹಾಗೆಯೇ ಉಳಿಸುತ್ತದೆ. ಮೊಳಕೆ ಸತ್ತ ಬೀಜ ನೋಡಲು ಬೀಜದಂತೆಯೇ ಇದ್ದರೂ ಹುಟ್ಟುವುದಿಲ್ಲವಷ್ಟೆ. ಲಸಿಕೆಯ ವಿಷಾಣುವೂ ಹಾಗೆಯೇ. ಜೀವಂತ ವಿಷಾಣು ಉಳಿದಿಲ್ಲವೆಂಬುದನ್ನು ಮತ್ತೆ ಕೋಶಗಳ ಮೇಲೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಲಾಗುತ್ತದೆ.

7. ಶುದ್ಧೀಕರಣ: ತಿಳಿಯನ್ನು ಗಟ್ಟಿಗೊಳಿಸಿ ಅನವಶ್ಯಕ ಸಸಾರಜನಕಗಳನ್ನು ತೆಗೆಯುತ್ತಾರೆ. ಇದರಿಂದ ಮತ್ತೊಂದು ಉಪಯೋಗವಿದೆ. ರೋಗ ಬಂದ ರಾಸಿನ ರಕ್ತದಲ್ಲಿ ಕಾಣುವ ಕೆಲವು ಗುರುತುಗಳು ಲಸಿಕೆ ಮಾತ್ರ ಪಡೆದ ರಾಸಿನಲ್ಲಿ ಕಾಣುವುದಿಲ್ಲ. ರಕ್ತಪರೀಕ್ಷೆಯಿಂದ ಎರಡನ್ನೂ ಬೇರ್ಪಡಿಸಿ ಹೇಳಬಹುದು.

8. ಮಿಶ್ರಣ: ಶುದ್ಧವಾದ ಚಿಪ್ಪುಗಳನ್ನು ಎಣ್ಣೆಯೊಡನೆ ಅಥವಾ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನೊಡನೆ ಬೆರೆಸುತ್ತಾರೆ. ಕೊಟ್ಟಿಗೆ ಗೊಬ್ಬರ ಸಾರವನ್ನು ನಿಧಾನವಾಗಿ ಬಿಟ್ಟುಕೊಡುವಂತೆ ಎಣ್ಣೆಯು ಚಿಪ್ಪುಗಳನ್ನು ಸ್ನಾಯುವಿನಲ್ಲಿ ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ದೇಹಕ್ಕೆ ಅವನ್ನು ಗುರುತಿಸಲು ಹೆಚ್ಚು ಸಮಯ ದೊರೆಯುತ್ತದೆ.

9. ಪರೀಕ್ಷೆ: ಪ್ರತಿಯೊಂದು ತಂಡದ ಲಸಿಕೆಯ ಶುದ್ಧತೆ, ನಿರಪಾಯತೆ ಮತ್ತು ಸಾಮರ್ಥ್ಯವನ್ನು ಪರೀಕ್ಷಿಸಿದ ನಂತರವೇ ಬಿಡುಗಡೆ ಮಾಡಬೇಕು.

ಆರು ತಿಂಗಳಿಗೊಮ್ಮೆ ಏಕೆ?

ಜಗತ್ತಿನಲ್ಲಿ ಕಾಲುಬಾಯಿ ಜ್ವರದ ವಿಷಾಣುವಿನಲ್ಲಿ ಏಳು ಬಗೆಗಳನ್ನು ಗುರುತಿಸಲಾಗಿದೆ. ಭಾರತದಲ್ಲಿ ಹರಡುತ್ತಿರುವುದು ಓ, ಎ ಮತ್ತು ಏಷ್ಯಾ-1 ಎಂಬ ಮೂರು. ಸಿ ಎಂಬ ಬಗೆ 1995ರ ನಂತರ ದೇಶದಲ್ಲಿ ಕಂಡುಬಂದಿಲ್ಲವಾದ್ದರಿಂದ ಅದನ್ನು ಲಸಿಕೆಯಿಂದ ಕೈಬಿಡಲಾಗಿದೆ. ಒಂದು ಬಗೆಗೆ ಪಡೆದ ರಕ್ಷಣೆ ಮತ್ತೊಂದು ಬಗೆಯನ್ನು ತಡೆಯುವುದಿಲ್ಲ. ಆದುದರಿಂದ ಮೂರು ಬಗೆಗಳನ್ನೂ ಪ್ರತ್ಯೇಕವಾಗಿ ಬೆಳೆಸಿ ಒಂದೇ ಸೀಸೆಯಲ್ಲಿ ಸೇರಿಸುತ್ತಾರೆ. ಒಂದೇ ಬಗೆಯೊಳಗೂ ವಿಷಾಣು ಕಾಲಕ್ರಮದಲ್ಲಿ ಬದಲಾಗುವುದುಂಟು. ಹೀಗಾಗಿ ರೋಗ ಬಂದ ಕಡೆಯಿಂದ ಮಾದರಿ ತರಿಸಿ ಬಳಕೆಯ ಬೀಜವಿಷಾಣು ಅದಕ್ಕೆ ಹೊಂದುತ್ತದೆಯೇ ಎಂದು ನೋಡುತ್ತಿರಬೇಕಾಗುತ್ತದೆ. ರೋಗ ಬಂದ ಕೂಡಲೇ ರೈತರು ವರದಿ ಮಾಡಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಾರಣ ಲಸಿಕೆಯ ಸ್ವಭಾವ. ಇದು ಸತ್ತ ವಿಷಾಣುವಿನ ಲಸಿಕೆ. ದೇಹದಲ್ಲಿ ಹೆಚ್ಚುವುದಿಲ್ಲ. ಚುಚ್ಚಿದಷ್ಟೇ ಚಿಪ್ಪುಗಳನ್ನು ನೋಡಿ ದೇಹ ಕಲಿಯಬೇಕು. ಆ ಕಲಿಕೆ ಕೆಲವು ತಿಂಗಳಲ್ಲಿ ಮಾಸುತ್ತದೆ. ಮೊದಲ ಸಲ ಲಸಿಕೆ ಪಡೆದ ಕರುವಿಗೆ ಸುಮಾರು ಒಂದು ತಿಂಗಳಲ್ಲಿ ಮತ್ತೊಂದು ಚುಚ್ಚುಮದ್ದು, ಆಮೇಲೆ ಆರು ತಿಂಗಳಿಗೊಮ್ಮೆ ಎಂಬ ನಿಯಮ ಬಂದಿರುವುದು ಈ ಕಾರಣದಿಂದ.

ದೊಡ್ಡರೋಗ ಕಲಿಸಿದ ಪಾಠ

ಹಿಂದೆ ಊರುಗಳ ದನಗಳನ್ನೇ ಬರಿದು ಮಾಡುತ್ತಿದ್ದ ದೊಡ್ಡರೋಗದ ಹೆಸರು ಇಂದಿನ ಯುವಕರಿಗೆ ತಿಳಿದಿಲ್ಲ. 1968ರಲ್ಲಿ ಬಂಡೀಪುರದ ಕಾಡಿಗೂ ಈ ರೋಗ ಹೊಕ್ಕು ಕಾಟಿಗಳು ಬಹು ಸಂಖ್ಯೆಯಲ್ಲಿ ಸತ್ತವು. ಮೊದಲು ರೋಗದಿಂದ ಚೇತರಿಸಿಕೊಂಡ ರಾಸುಗಳ ಸೀರಮ್ಮನ್ನು, ಅನಂತರ ಮೇಕೆಗಳ ದೇಹದಲ್ಲಿ ದಾಟಿಸಿ ಸೌಮ್ಯಗೊಳಿಸಿದ ವಿಷಾಣುವನ್ನು ಬಳಸಿದರು. ಮೇಕೆಯ ಲಸಿಕೆಗೆ ಹಿಮಾಲಯದ ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ ಎಂಬುವರು 1920ರ ದಶಕದಲ್ಲಿ ಅಡಿಪಾಯ ಹಾಕಿದರು. 1960ರ ಸುಮಾರಿಗೆ ಕೆನ್ಯಾ ದೇಶದಲ್ಲಿ ಪ್ಲೋರೈಟ್ ಎಂಬ ವಿಜ್ಞಾನಿ ಕರುವಿನ ಮೂತ್ರಪಿಂಡದ ಕೋಶಗಳಲ್ಲಿ ಬೆಳೆಸಿದ ಲಸಿಕೆಯನ್ನು ಸಿದ್ಧಪಡಿಸಿದರು. ಅದು ಸುರಕ್ಷಿತವೂ ಅಗ್ಗವೂ ಆಗಿತ್ತು.

ಭಾರತದಲ್ಲಿ ಕೊನೆಯ ದೊಡ್ಡರೋಗ ಕಂಡುದು 1995ರಲ್ಲಿ. 2006ರಲ್ಲಿ ದೇಶ ಈ ಸೋಂಕಿನಿಂದ ಮುಕ್ತವೆಂದು ಮನ್ನಣೆ ಪಡೆಯಿತು. 2011ರಲ್ಲಿ ಇಡೀ ಜಗತ್ತೇ ಮುಕ್ತವಾಯಿತೆಂದು ಘೋಷಿಸಲಾಯಿತು. ದೊಡ್ಡರೋಗದ ಲಸಿಕೆ ಜೀವಂತ ವಿಷಾಣುವಿನದಾಗಿದ್ದು ಅದರ ರಕ್ಷಣೆ ಬಹುಕಾಲ ಉಳಿಯುತ್ತಿತ್ತು. ರೋಗದ ವಿಷಾಣುವಿನ ಬಗೆಯೂ ಒಂದೇ ಆಗಿತ್ತು. ಕಾಲುಬಾಯಿ ಜ್ವರದಲ್ಲಿ ಈ ಎರಡು ಅನುಕೂಲಗಳೂ ಇಲ್ಲ. ಇಲ್ಲಿ ಗೆಲ್ಲಬೇಕಾದರೆ ಸುತ್ತು ತಪ್ಪದೆ, ಮನೆ ಬಿಡದೆ ಲಸಿಕೆ ಹಾಕಿಸುವುದೊಂದೇ ದಾರಿ.

ಇತರ ಕೋಶಗಳು, ಇತರ ಔಷಧಿಗಳು

ಜೀವಕೋಶಗಳಿಂದ ತಯಾರಾಗುವುದು ಲಸಿಕೆ ಮಾತ್ರವಲ್ಲ. ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಇನ್ಸುಲಿನ್ ಒಂದು ಸಸಾರಜನಕ. ಹಿಂದೆ ಇದನ್ನು ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. ಮನುಷ್ಯನ ಇನ್ಸುಲಿನ್ನಿನ ಸೂಚನೆಯನ್ನು ಸೇರಿಸಿದ ಬ್ಯಾಕ್ಟೀರಿಯಾದಿಂದ ತಯಾರಿಸಿದ ಇನ್ಸುಲಿನ್ 1982ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಬೆಂಗಳೂರಿನ ಬಯೋಕಾನ್ ಸಂಸ್ಥೆ ಪಿಕಿಯಾ ಎಂಬ ಒಂದು ಜಾತಿಯ ಹುದುಗಿನ, ಅಂದರೆ ಯೀಸ್ಟಿನ ಕೋಶಗಳಲ್ಲಿ ತಯಾರಿಸಿದ ಇನ್ಸುಲಿನ್ನನ್ನು 2004ರಲ್ಲಿ ಮಾರುಕಟ್ಟೆಗೆ ತಂದಿತು. ಇಲ್ಲಿ ಕೋಶದೊಳಗೆ ವಿಷಾಣುವಿನ ಕೆಲಸವಿಲ್ಲ. ಕೋಶವೇ ತನಗೆ ಕೊಟ್ಟ ಸೂಚನೆಯಂತೆ ಸಸಾರಜನಕವನ್ನು ತಯಾರಿಸಿ ದ್ರಾವಣಕ್ಕೆ ಬಿಡುತ್ತದೆ. ಅದನ್ನು ಸೋಸಿ, ಸಂಸ್ಕರಿಸಿ, ಶುದ್ಧಪಡಿಸಿ ಔಷಧಿಯಾಗಿಸುತ್ತಾರೆ. ಎಳೆಮಕ್ಕಳಿಗೆ ಹಾಕುವ ಹೆಪಟೈಟಿಸ್-ಬಿ ಲಸಿಕೆಯೂ ಹೀಗೆ ಹುದುಗಿನ ಕೋಶಗಳಿಂದಲೇ ಬರುತ್ತದೆ.

ಹುಣಸೂರು, ಪಿರಿಯಾಪಟ್ಟಣದ ಬೆಳೆಗಾರರಿಗೆ ಕುತೂಹಲ ಮೂಡಿಸುವ ಮತ್ತೊಂದು ಸಂಗತಿಯಿದೆ. ಹೊಗೆಸೊಪ್ಪಿನ ಜಾತಿಗೆ ಸೇರಿದ, ಆಸ್ಟ್ರೇಲಿಯ ಮೂಲದ ಒಂದು ಕಾಡುಗಿಡದ ಎಲೆಗಳಲ್ಲಿ ತಯಾರಿಸಿದ ಕೋವಿಡ್ ಲಸಿಕೆಗೆ 2022ರಲ್ಲಿ ಕೆನಡಾ ದೇಶ ಒಪ್ಪಿಗೆ ನೀಡಿತ್ತು. ಆ ಕಂಪನಿ ಮರುವರ್ಷವೇ ಮುಚ್ಚಿಹೋಯಿತು. ಬ್ಯಾರನ್ನಿನ ಸೊಪ್ಪಿಗೂ ಇದಕ್ಕೂ ಸಂಬಂಧವಿಲ್ಲ. ಆದರೂ ಗಿಡದ ಕೋಶವೂ ಔಷಧಿಯ ಹೊಲವಾಗಬಲ್ಲದೆಂಬುದು ಇದರಿಂದ ತಿಳಿಯುತ್ತದೆ.

ಕಾರ್ಖಾನೆಯಿಂದ ಕೊಟ್ಟಿಗೆಗೆ

ಇಷ್ಟು ಜೋಪಾನದಿಂದ ಬೆಳೆದ ಫಸಲು ಕೊನೆಯ ಹತ್ತು ಮೈಲಿಯಲ್ಲಿ ಹಾಳಾಗಬಹುದು. ವಿಷಾಣುವಿನ ಚಿಪ್ಪು ಬಹು ನಾಜೂಕಾದುದು. ಶಾಖ ತಗಲಿದರೆ ಅಥವಾ ಹುಳಿಯಾದರೆ ಅದು ಹನ್ನೆರಡು ಚೂರುಗಳಾಗಿ ಬಿಚ್ಚಿಕೊಳ್ಳುತ್ತದೆ. ಚೂರುಗಳಿಂದ ದೇಹ ಪಡೆಯುವ ರಕ್ಷಣೆ ತೀರಾ ಅಲ್ಪ. ಭಾರತದಲ್ಲಿ ಅತಿ ಹೆಚ್ಚು ಕಾಣುವ ಓ ಬಗೆಯ ಚಿಪ್ಪೇ ಶಾಖಕ್ಕೆ ಬೇಗ ಬಿಚ್ಚಿಕೊಳ್ಳುವಂಥದು. ಹಾಳಾದ ಲಸಿಕೆ ನೋಡಲು ಒಳ್ಳೆಯ ಲಸಿಕೆಯಂತೆಯೇ ಇರುತ್ತದೆ. ರಾಸಿಗೆ ಚುಚ್ಚಿದ ಗುರುತೂ ಇರುತ್ತದೆ, ಪುಸ್ತಕದಲ್ಲಿ ದಾಖಲೆಯೂ ಇರುತ್ತದೆ, ರಕ್ಷಣೆ ಮಾತ್ರ ಇರುವುದಿಲ್ಲ.

ಆದುದರಿಂದ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಂಟಿಗ್ರೇಡಿನಲ್ಲಿ ಇಡತಕ್ಕದ್ದು. ತಂಪು ಹೆಚ್ಚಿದಷ್ಟೂ ಒಳ್ಳೆಯದೆಂದು ಹೆಪ್ಪುಗಟ್ಟಿಸಲೂ ಕೂಡದು. ಹೆಪ್ಪುಗಟ್ಟಿದರೆ ಎಣ್ಣೆ ಮತ್ತು ನೀರು ಬೇರೆಯಾಗಿ ಲಸಿಕೆ ಕೆಡುತ್ತದೆ. ಸೀಸೆಯನ್ನು ಗಟ್ಟಿ ಐಸಿಗೆ ನೇರವಾಗಿ ತಾಗುವಂತೆ ಇಡಬಾರದು.

ಸಾಮರ್ಥ್ಯವಿಲ್ಲದ ಲಸಿಕೆ ಎಷ್ಟು ಜನರಿಗೆ ಹಾಕಿದರೂ ಫಲವಿಲ್ಲವೆಂಬುದಕ್ಕೆ ಮಂಗನ ಕಾಯಿಲೆಯ ಉದಾಹರಣೆ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗಕ್ಕೆ ಕೋಳಿಯ ಭ್ರೂಣದ ಕೋಶಗಳಲ್ಲಿ ಬೆಳೆಸಿ ನಿಷ್ಕ್ರಿಯಗೊಳಿಸಿದ ಲಸಿಕೆಯನ್ನು ಮಲೆನಾಡಿನಲ್ಲಿ ಬಹುವರ್ಷ ಬಳಸಲಾಯಿತು. ಅದರ ಪರಿಣಾಮ ಸಾಲದೆಂದು ಕಂಡುಬಂದು 2022ರಲ್ಲಿ ಬಳಕೆ ನಿಂತಿತು. ಹೊಸ ಲಸಿಕೆಯ ಕೆಲಸ ಕೈಗೊಳ್ಳಲಾಗಿದೆ. 2012ರಲ್ಲಿ ಈ ಕಾಯಿಲೆ ಬಂಡೀಪುರದ ಮಂಗಗಳಲ್ಲಿಯೂ ಕಂಡುಬಂದಿದ್ದರಿಂದ ಕಾಡಂಚಿನ ಜನರು ಸತ್ತ ಮಂಗಗಳ ಹತ್ತಿರ ಹೋಗದೆ ಕೂಡಲೇ ಆರೋಗ್ಯ ಇಲಾಖೆಗೆ ತಿಳಿಸುವುದು ಕ್ಷೇಮ.

ರೈತರು ಗಮನಿಸಬೇಕಾದ ಅಂಶಗಳು

2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ಕಾಲುಬಾಯಿ ಜ್ವರದ ಲಸಿಕೆಯನ್ನು ಉಚಿತವಾಗಿ ಹಾಕಲಾಗುತ್ತದೆ. ಇದರ ಪೂರ್ಣ ಪ್ರಯೋಜನ ಪಡೆಯಲು ರೈತರು ಈ ಕೆಳಗಿನ ಅಂಶಗಳನ್ನು ಪಾಲಿಸಬೇಕು.

1. ನಾಲ್ಕು ತಿಂಗಳು ತುಂಬಿದ ಕರುಗಳಿಗೆ ಮೊದಲ ಲಸಿಕೆ, ಒಂದು ತಿಂಗಳ ನಂತರ ಎರಡನೆಯದು, ಆಮೇಲೆ ಆರು ತಿಂಗಳಿಗೊಮ್ಮೆ ತಪ್ಪದೆ ಹಾಕಿಸಬೇಕು. ಕರುವಿಗೆ ಎರಡನೆಯ ಚುಚ್ಚುಮದ್ದನ್ನು ಬಿಟ್ಟರೆ ಮೊದಲನೆಯದೂ ವ್ಯರ್ಥವಾದಂತೆಯೇ.

2. ನಾಟಿ ದನಗಳಿಗೆ ರೋಗ ಸೌಮ್ಯವಾಗಿ ಬಂದು ಹೋಗುವುದೆಂದು ಅವನ್ನು ಬಿಡಬಾರದು. ಅವುಗಳಿಂದ ಪಕ್ಕದ ಮಿಶ್ರತಳಿ ಹಸುವಿಗೆ ರೋಗ ತಗಲುತ್ತದೆ. ಊರಿನ ಶೇಕಡ 80ಕ್ಕೂ ಹೆಚ್ಚು ರಾಸುಗಳಿಗೆ ರಕ್ಷಣೆ ಇದ್ದರೆ ರೋಗ ಹರಡಲು ದಾರಿ ಸಿಗುವುದಿಲ್ಲ. ಕಾಡಂಚಿನಲ್ಲಿ ಮೇಯುವ ದನಗಳಿಗೆ ಲಸಿಕೆ ಹಾಕಿಸಿದರೆ ನಾಗರಹೊಳೆಯ ಕಾಟಿ, ಜಿಂಕೆಗಳಿಗೂ ರಕ್ಷಣೆ ಸಿಗುತ್ತದೆ.

3. ಲಸಿಕೆಯ ನಂತರ ಎರಡು ಮೂರು ದಿನ ಹಾಲು ಸ್ವಲ್ಪ ಇಳಿಯಬಹುದು. ಚುಚ್ಚಿದ ಜಾಗದಲ್ಲಿ ಚಿಕ್ಕ ಗಂಟಾಗಬಹುದು. ದೇಹ ರಕ್ಷಣೆಯನ್ನು ಸಿದ್ಧಪಡಿಸಿಕೊಳ್ಳುತ್ತಿರುವುದರ ಗುರುತು ಅದು. ಎರಡು ದಿನದ ಈ ಇಳಿಕೆಯನ್ನು ರೋಗ ಬಂದಾಗಿನ ಒಂದು ತಿಂಗಳ ನಷ್ಟದೊಡನೆ ತೂಗಿ ನೋಡಬೇಕು.

4. ಜ್ವರದಿಂದಿರುವ ಅಥವಾ ಬಹಳ ಬಡಕಲಾದ ರಾಸಿಗೆ ಲಸಿಕೆ ಹಾಕಿಸಬಾರದು. ತುಂಬುಗಬ್ಬದ ರಾಸುಗಳ ವಿಷಯದಲ್ಲಿ ಪಶುವೈದ್ಯರ ಸಲಹೆಯಂತೆ ನಡೆದು, ಕರು ಹಾಕಿದ ಮೇಲೆ ಮರೆಯದೆ ಹಾಕಿಸಬೇಕು. ಲಸಿಕೆಗೆ ಮೊದಲು ಜಂತುನಾಶಕ ಕೊಡಿಸಿದರೆ ಒಳ್ಳೆಯದು.

5. ಲಸಿಕೆಯವರು ಬರುವ ದಿನ ರಾಸುಗಳನ್ನು ಮೇಯಲು ಬಿಡದೆ ಕೊಟ್ಟಿಗೆಯಲ್ಲಿ ಕಟ್ಟಿರಬೇಕು. ಪೆಟ್ಟಿಗೆ ಬೀದಿಯಲ್ಲಿ ಕಾದಷ್ಟೂ ಲಸಿಕೆ ಬಿಸಿಯಾಗುತ್ತದೆ. ಐಸ್ ಕರಗಿಹೋದ ಪೆಟ್ಟಿಗೆಯ ಲಸಿಕೆಯನ್ನು ಬೇಡವೆಂದು ಹೇಳಲು ರೈತರಿಗೆ ಹಕ್ಕಿದೆ. ಸಿಬ್ಬಂದಿಯೂ ಅದನ್ನು ಬಳಸಬಾರದು.

6. ರಕ್ಷಣೆ ಚುಚ್ಚಿದ ದಿನವೇ ಬರುವುದಿಲ್ಲ. ಎರಡು ಮೂರು ವಾರ ಬೇಕು. ಸಂಕ್ರಾಂತಿಯ ಚುಂಚನಕಟ್ಟೆ ದನದ ಜಾತ್ರೆಗೆ ಹೊಡೆದುಕೊಂಡು ಹೋಗುವ ಎತ್ತುಗಳಿಗೆ ಇಷ್ಟು ಮುಂಚೆಯೇ ಲಸಿಕೆ ಹಾಕಿಸಿರಬೇಕು. ಜಾತ್ರೆ, ಸಂತೆಗಳಿಂದ ತಂದ ರಾಸುಗಳನ್ನು ಮೂರು ವಾರ ಬೇರೆಯಾಗಿ ಕಟ್ಟಬೇಕು.

7. ರೋಗ ಕಂಡ ಕೂಡಲೇ ರಾಸನ್ನು ಬೇರ್ಪಡಿಸಿ ಹತ್ತಿರದ ಪಶುಚಿಕಿತ್ಸಾಲಯಕ್ಕೆ ತಿಳಿಸಬೇಕು. ರೋಗದ ರಾಸನ್ನು ಕೆರೆಗಾಗಲಿ ಹೊಳೆಗಾಗಲಿ ಹೊಡೆಯಬಾರದು. ಒಂದು ಲೀಟರ್ ನೀರಿಗೆ 40 ಗ್ರಾಂ ಬಟ್ಟೆಸೋಡ ಕರಗಿಸಿದ ನೀರಿನಿಂದ ಕೊಟ್ಟಿಗೆಯ ನೆಲ, ಗೋದಲಿ ಮತ್ತು ಪಾತ್ರೆಗಳನ್ನು ತೊಳೆದರೆ ವಿಷಾಣು ಸಾಯುತ್ತದೆ.

8. ಕಿವಿಯೋಲೆಯ 12 ಅಂಕಿಗಳ ಸಂಖ್ಯೆ ಮತ್ತು ಲಸಿಕೆಯ ತಾರೀಖನ್ನು ಮನೆಯಲ್ಲಿಯೂ ಬರೆದಿಟ್ಟುಕೊಳ್ಳಬೇಕು.

ವಿಸ್ತರಣಾ ಕಾರ್ಯಕರ್ತರು ಪೆಟ್ಟಿಗೆಯ ಉಷ್ಣತೆಯನ್ನು ಊರು ಬಿಡುವಾಗ ಒಮ್ಮೆ, ಊರು ಮುಟ್ಟಿದಾಗ ಒಮ್ಮೆ ನೋಡಿ ಬರೆಯಬೇಕು. ತೆರೆದ ಸೀಸೆಯನ್ನು ಅಂದೇ ಮುಗಿಸಬೇಕು. ರೋಗವಿರುವ ಕೊಟ್ಟಿಗೆಯಿಂದ ಆರೋಗ್ಯವಂತ ಕೊಟ್ಟಿಗೆಗೆ ಅದೇ ಸೂಜಿ, ಅದೇ ಬಟ್ಟೆಯಲ್ಲಿ ಹೋಗಬಾರದು. ಚುಚ್ಚಿದ ನಂತರ ಸ್ವಲ್ಪ ಹೊತ್ತು ಊರಿನಲ್ಲಿಯೇ ಇದ್ದು ಯಾವುದಾದರೂ ರಾಸಿಗೆ ಒಗ್ಗದಿದ್ದರೆ ಚಿಕಿತ್ಸೆ ಒದಗಿಸಬೇಕು.

ಮೂರು ಪ್ರಶ್ನೆಗಳಿಗೆ ಉತ್ತರ ಹೀಗಿದೆ. ಚುಚ್ಚುವುದು ರೋಗವನ್ನಲ್ಲ, ಸಂತಾನ ಸತ್ತ ವಿಷಾಣುವಿನ ಚಿಪ್ಪನ್ನು. ಐಸಿನಲ್ಲಿ ತರುವುದು ಆ ಚಿಪ್ಪು ಬಿಚ್ಚದಿರಲೆಂದು. ಮತ್ತೆ ಮತ್ತೆ ಹಾಕುವುದು ದೇಹದ ನೆನಪು ಮಾಸದಿರಲೆಂದು. ಕೋಶ ಬೆಳೆಸುವವರು, ಪರೀಕ್ಷಿಸುವವರು, ಸಾಗಿಸುವವರು ಎಲ್ಲರೂ ತಮ್ಮ ಪಾಲಿನ ಕೆಲಸ ಮಾಡಿದ ಮೇಲೂ ಕೊನೆಯ ಕೆಲಸ ರೈತನದಾಗಿರುತ್ತದೆ. ಆ ದಿನ ಬೆಳಿಗ್ಗೆ ಮನೆಯ ರಾಸುಗಳನ್ನು, ಎಳೆಗರುವನ್ನೂ ಬಿಡದೆ, ಕಟ್ಟಿಹಾಕಿ ಮುಂದೆ ನಿಲ್ಲಿಸುವುದೇ ಆ ಕೆಲಸ.